ಪದವಿ ಪ್ರವೇಶ: ಆನ್‌ಲೈನ್ ಅರ್ಜಿ ಹಾಕಿದರಷ್ಟೇ ಸಾಲದು, ಇವನ್ನೂ ನೋಡ್ಕೊಳ್ಳಿ

ದಾವಣಗೆರೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳು ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬರುತ್ತವೆ. ಇಲ್ಲಿನ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರುವವರು ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸ್ಬೇಕು.

ಹೆಸರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಆಧಾರ್‌ನಲ್ಲಿ ಬೇರೆ ಇದ್ದರೆ ಮೊದಲೇ ತಿದ್ದಿಸಿ.

ಮೊಬೈಲ್: ಒಟಿಪಿ ಬರೋದು ನೋಂದಾಯಿಸಿದ ನಂಬರಿಗೆ. ಸೈಬರ್ ಸೆಂಟರಿನವರ ನಂಬರ್ ಹಾಕಿಸಿದರೆ ಮುಂದೆ ಪರೀಕ್ಷೆ ಅರ್ಜಿಗೂ ಅಲ್ಲಿಗೇ ಅಲೆಯಬೇಕಾಗುತ್ತೆ. ಅಂಗಡಿಯವರು ಲಾಗಿನ್ ಐಡಿ, ಪಾಸ್‌ವರ್ಡ್ ಬರೆದು ವಿದ್ಯಾರ್ಥಿ ಕೈಗೇ ಕೊಡಿ.

ಜಾತಿ, ಆದಾಯ ಪ್ರಮಾಣಪತ್ರ: ಆರ್‌ಡಿ ನಂಬರ್ ಬೇಕು. ನಾಡಕಚೇರಿಯಲ್ಲಿ ಮುಂಚೆಯೇ ಮಾಡಿಸಿ ಇಟ್ಕೊಳ್ಳಿ.

ಸೀಟು: ಅರ್ಜಿ ಹಾಕಿದ ಮಾತ್ರಕ್ಕೆ ಪ್ರವೇಶ ಆಗಲ್ಲ. ಮೂಲ ದಾಖಲೆ ಹಿಡಿದು ಕಾಲೇಜಿಗೆ ಹೋಗಿ, ಪರಿಶೀಲನೆ ಮಾಡಿಸಿ, ಶುಲ್ಕ ಕಟ್ಟಬೇಕು. ಕಾಲೇಜು ಪೋರ್ಟಲ್‌ನಲ್ಲಿ ಅನುಮೋದಿಸಿದ ಮೇಲಷ್ಟೇ ಸೀಟು ಖಾತ್ರಿ.

ಅವಧಿ: 2024-25ರಿಂದ ಸೇರಿದವರಿಗೆ ಪದವಿ ಮತ್ತೆ 3 ವರ್ಷ, 6 ಸೆಮಿಸ್ಟರ್.

ಹಳೇ ವಿದ್ಯಾರ್ಥಿಗಳಿಗೆ: ದಾವಣಗೆರೆ ವಿವಿ ಶುರುವಾಗಿದ್ದು 2009ರಲ್ಲಿ. ಅದಕ್ಕೂ ಮೊದಲು ಕುವೆಂಪು ವಿವಿಯಲ್ಲಿ ಪದವಿ ಮುಗಿಸಿದವರು ಅಂಕಪಟ್ಟಿ ಕಳೆದುಕೊಂಡಿದ್ದರೆ ತೋಳಹುಣಸೆಗೆ ಹೋಗಿ ಪ್ರಯೋಜನವಿಲ್ಲ, ಶಂಕರಘಟ್ಟದಲ್ಲೇ ವಿಚಾರಿಸಬೇಕು.