ಸಸ್ಯಕೋಶ ವಿಭಜನೆಯಲ್ಲಿ ಮೋಟಾರ್ ಪ್ರೋಟೀನುಗಳು

ಎಟಿಪಿಯ ಶಕ್ತಿಯಿಂದ ಕೋಶದೊಳಗಿನ ಎಳೆಗಳ ಮೇಲೆ ಹೆಜ್ಜೆಯಿಡುತ್ತ ಸಾಗುವ ಪ್ರೋಟೀನುಗಳಿಗೆ ಮೋಟಾರ್ ಪ್ರೋಟೀನುಗಳೆಂದು ಹೆಸರು. ಕೈನೆಸಿನ್ ಮತ್ತು ಡೈನೀನ್‌ಗಳು ಸೂಕ್ಷ್ಮನಾಳಿಕೆಗಳ ಮೇಲೆ ಚಲಿಸಿದರೆ ಮಯೋಸಿನ್‌ಗಳು ಆಕ್ಟಿನ್ ಎಳೆಗಳನ್ನು ಹಿಡಿದು ಸಾಗುತ್ತವೆ. ಹೂಬಿಡುವ ಸಸ್ಯಗಳಲ್ಲಿ ಡೈನೀನ್ ಇಲ್ಲವಾದ್ದರಿಂದ ವಿಭಜನೆಯ ಹೊರೆ ಬಹುಮಟ್ಟಿಗೆ ಕೈನೆಸಿನ್‌ಗಳದೇ. ಸಾಸಿವೆ ಕುಟುಂಬದ ಪುಟ್ಟ ಕಳೆಗಿಡ ಅರಾಬಿಡಾಪ್ಸಿಸ್‌ನಲ್ಲಿ 61 ಕೈನೆಸಿನ್ ಜೀನುಗಳಿವೆ, ಮನುಷ್ಯನಲ್ಲಿರುವುದು 45.

ಹೂಬಿಡುವ ಸಸ್ಯಗಳ ಕೋಶಗಳಿಗೆ ನಾಳಿಕೆಗಳನ್ನು ಸಂಘಟಿಸುವ ಸೆಂಟ್ರೋಸೋಮ್ ಕೂಡ ಇಲ್ಲ. ಆದರೂ ವರ್ಣತಂತುಗಳನ್ನು ಬೇರ್ಪಡಿಸುವ, ನಾಳಿಕೆಗಳಿಂದಾದ ಎರಡು ತುದಿಯ ಕದಿರು ರೂಪುಗೊಳ್ಳುತ್ತದೆ. ಕೈನೆಸಿನ್-5 ಎದುರುಬದುರಾದ ನಾಳಿಕೆಗಳನ್ನು ಪರಸ್ಪರ ದೂರ ತಳ್ಳುತ್ತದೆ, ಕೈನೆಸಿನ್-14 ಅವುಗಳ ತುದಿಗಳನ್ನು ಧ್ರುವಗಳಲ್ಲಿ ಒಟ್ಟುಗೂಡಿಸುತ್ತದೆ.

ಸಸ್ಯದ ವೈಶಿಷ್ಟ್ಯ ನಿಜವಾಗಿ ತೆರೆದುಕೊಳ್ಳುವುದು ವರ್ಣತಂತುಗಳು ಬೇರ್ಪಟ್ಟ ಮೇಲೆ. ಪ್ರಾಣಿಕೋಶ ನಡು ಬಿಗಿದುಕೊಂಡು ಎರಡಾಗುತ್ತದೆ. ಗಟ್ಟಿ ಭಿತ್ತಿಯೊಳಗಿರುವ ಸಸ್ಯಕೋಶ ಮಾತ್ರ ನಟ್ಟನಡುವೆ ಹೊಸ ಗೋಡೆಯೊಂದನ್ನು ಆರಂಭಿಸಿ ಅಂಚಿನತ್ತ ಬೆಳೆಸುತ್ತದೆ. ಈ ಕಟ್ಟಡಕ್ಕೆ ಹಾಕಿದ ಸಾರುವೆಯೇ ಫ್ರಾಗ್ಮೊಪ್ಲಾಸ್ಟ್. ಗಾಲ್ಗಿಯಿಂದ ಹೊರಟ ಕಿರುಚೀಲಗಳು ಇದರ ನಾಳಿಕೆಗಳ ಗುಂಟ ನಡುಗೆರೆಗೆ ಬಂದು, ಒಂದರೊಡನೊಂದು ಬೆಸೆದು ಕೋಶಫಲಕವಾಗುತ್ತವೆ. ಎದುರುಬದುರಿನ ನಾಳಿಕೆಗಳನ್ನು ನಡುಗೆರೆಯಲ್ಲಿ ಅಚ್ಚುಕಟ್ಟಾಗಿ ನಿಲ್ಲಿಸುವುದು ಕೈನೆಸಿನ್-12 ಜೋಡಿಯ ಕೆಲಸ. ಇವುಗಳಲ್ಲಿ ಒಂದು ಇಲ್ಲದಿದ್ದರೆ ಇನ್ನೊಂದು ಸಂಭಾಳಿಸುತ್ತದೆ. ಎರಡೂ ಇಲ್ಲದಾಗ ಪರಾಗವಾಗಬೇಕಾದ ಕೋಶದ ಮೊದಲ ವಿಭಜನೆಯೇ ಕೆಡುತ್ತದೆ. ಗೋಡೆ ಬೆಳೆದಂತೆ ಒಳಗಿನ ನಾಳಿಕೆಗಳು ಕಳಚಿ ಅಂಚಿನಲ್ಲಿ ಹೊಸವು ಮೂಡಬೇಕು. ತಂಬಾಕಿನ ನ್ಯಾಕ್1 ಎಂಬ ಕೈನೆಸಿನ್ ಕೈನೇಸ್ ಕಿಣ್ವಗಳ ಸರಣಿಯನ್ನು ಚುರುಕುಗೊಳಿಸಿ ಇದನ್ನು ಸಾಧ್ಯವಾಗಿಸುತ್ತದೆ. ಅದು ಕೈಕೊಟ್ಟರೆ ಗೋಡೆ ಅರ್ಧಕ್ಕೇ ನಿಂತು, ಒಂದೇ ಕೋಶದಲ್ಲಿ ಎರಡು ಅಥವಾ ಹೆಚ್ಚು ಕೋಶಕೇಂದ್ರಗಳು ಉಳಿಯುತ್ತವೆ.

ಗೋಡೆ ಎಲ್ಲಿಗೆ ತಲುಪಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ವಿಭಜನೆಗೆ ಮುನ್ನ ಕೋಶದ ಅಂಚಿನಲ್ಲಿ ಸೂಕ್ಷ್ಮನಾಳಿಕೆಗಳ ಪಟ್ಟಿಯೊಂದು ಮೂಡುವುದನ್ನು ಪಿಕೆಟ್-ಹೀಪ್ಸ್ ಮತ್ತು ನಾರ್ತ್‌ಕೋಟ್ 1966ರಲ್ಲಿ ಗೋಧಿಯಲ್ಲಿ ಕಂಡರು. ಪಟ್ಟಿ ಬೇಗನೆ ಮಾಯವಾದರೂ ಪಾಕ್1, ಪಾಕ್2 ಎಂಬ ಕೈನೆಸಿನ್‌ಗಳು ಟ್ಯಾಂಗಲ್ಡ್ ಪ್ರೋಟೀನಿನೊಡನೆ ಆ ಜಾಗವನ್ನು ಕಾಯುತ್ತವೆ. ಈ ಎರಡು ಕೈನೆಸಿನ್‌ಗಳೂ ಇಲ್ಲದ ಗಿಡಗಳಲ್ಲಿ ಗೋಡೆಗಳು ಓರೆಯಾಗಿ, ಬೆಳವಣಿಗೆ ಕುಂಠಿತವಾಗುತ್ತದೆ. ಸಸ್ಯಕೋಶ ಕೂತ ಜಾಗ ಬಿಟ್ಟು ಕದಲಲಾರದು. ಹಾಗಾಗಿ ಗೋಡೆಯ ದಿಕ್ಕು ತಪ್ಪಿದರೆ ಅಂಗದ ಆಕಾರವೇ ತಪ್ಪುತ್ತದೆ.

ಮಯೋಸಿನ್‌ಗಳಿಗೂ ಇದರಲ್ಲಿ ಪಾಲಿದೆ. ಫಿಸ್ಕೊಮಿಟ್ರೆಲ್ಲಾ ಎಂಬ ಹಾವಸೆಯ ಎಳೆಗಳಂಥ ಕೋಶಗಳಲ್ಲಿ ಮೊದಲಿನ ಆ ಪಟ್ಟಿ ಮೂಡುವುದೇ ಇಲ್ಲ. ಅಲ್ಲಿ ಬೆಳೆಯುವ ಗೋಡೆಗೆ ದಾರಿ ತೋರುವುದು ಮಯೋಸಿನ್-8 ಮತ್ತು ಆಕ್ಟಿನ್.