ಕ್ರಪೀವ್ನ ಉಯೆಜ್ದ್: ರಷ್ಯಾ ಸಾಮ್ರಾಜ್ಯದ ಒಂದು ಗ್ರಾಮಾಂತರ ವಿಭಾಗದ ಆಡಳಿತ

ರಷ್ಯಾ ಸಾಮ್ರಾಜ್ಯದ ಚರಿತ್ರೆಯನ್ನು ಬರೆದವರ ದೃಷ್ಟಿ ಬಹುಮಟ್ಟಿಗೆ ಪೀಟರ್ಸ್‌ಬರ್ಗಿನ ಅರಮನೆಯಲ್ಲಿಯೂ ಸಚಿವಾಲಯಗಳಲ್ಲಿಯೂ ನೆಟ್ಟಿದೆ. ಚಕ್ರವರ್ತಿಯ ಶಾಸನವು ರೈತನ ಮನೆಬಾಗಿಲನ್ನು ಯಾವ ರೂಪದಲ್ಲಿ ತಲಪುತ್ತಿದ್ದಿತೆಂಬುದನ್ನು ಅರಿಯಬೇಕಾದರೆ ನಾವು 'ಉಯೆಜ್ದ್' ಎಂಬ ವಿಭಾಗದ ಕಡೆಗೆ ತಿರುಗಬೇಕು. ಗುಬೆರ್ನಿಯ ಎಂಬ ಪ್ರಾಂತದ ಕೆಳಗೆ, ವೋಲೊಸ್ತ್ ಎಂಬ ಗ್ರಾಮಸಮೂಹದ ಮೇಲೆ ಇದರ ಸ್ಥಾನ. ಇದನ್ನು ತಾಲ್ಲೂಕು ಎಂದು ಭಾಷಾಂತರಿಸಿದರೆ ಅರ್ಥವು ಕೆಡುತ್ತದೆ. ಏಕೆಂದರೆ ಇಲ್ಲಿ ಅಧಿಕಾರದ ಬಹುಭಾಗವು ಸರ್ಕಾರದ ನೌಕರನ ಕೈಯಲ್ಲಿರದೆ ಸ್ಥಳೀಯ ಭೂಮಾಲಿಕ ಕುಲೀನರ ಕೈಯಲ್ಲಿದ್ದಿತು. ಆದುದರಿಂದ ಮೂಲಪದವನ್ನೇ ಉಳಿಸಿಕೊಂಡಿದ್ದೇವೆ.

ತೂಲ ಗುಬೆರ್ನಿಯಕ್ಕೆ ಸೇರಿದ ಕ್ರಪೀವ್ನ ಉಯೆಜ್ದನ್ನು ನಾವು ಆರಿಸಿಕೊಂಡಿರುವುದು ಅದರ ಹಿರಿಮೆಗಾಗಿ ಅಲ್ಲ. ಅದು ನೂರಾರು ಉಯೆಜ್ದ್‌ಗಳಲ್ಲಿ ಒಂದು; ಆ ಸಾಮಾನ್ಯತೆಯೇ ಅದರ ಬೆಲೆ. ಆದರೆ ಯಾಸ್ನಯ ಪೊಲ್ಯಾನ ಎಂಬ ಗ್ರಾಮವು ಈ ಉಯೆಜ್ದಿಗೆ ಸೇರಿದ್ದಿತು. ಆ ಗ್ರಾಮದ ಒಡೆಯನಾದ ಲೆವ್ ಟಾಲ್‌ಸ್ಟಾಯ್ ಅಲ್ಪಕಾಲ ಇಲ್ಲಿಯೇ ಒಂದು ಸಣ್ಣ ಅಧಿಕಾರವನ್ನು ವಹಿಸಿದ್ದನಾಗಿ, ಬೇರೆಡೆ ಕಡತಗಳಲ್ಲಿ ಅಡಗಿಹೋಗುವ ಜಗಳಗಳು ಇಲ್ಲಿ ಕಣ್ಣಿಗೆ ಬೀಳುತ್ತವೆ.

ಕ್ರಪೀವ್ನ ಪಟ್ಟಣವು ತೂಲದ ದಕ್ಷಿಣಕ್ಕೆ ಪ್ಲಾವ ನದಿಯ ದಡದಲ್ಲಿದೆ. 16ನೆಯ ಶತಮಾನದಲ್ಲಿ ಮಾಸ್ಕೋ ರಾಜ್ಯವು ಕ್ರಿಮಿಯದ ತಾತಾರರ ದಾಳಿಗೆ ಎದುರಾಗಿ ಕಡಿದುರುಳಿಸಿದ ಮರಗಳ ತಡೆಸಾಲೊಂದನ್ನು ನಿರ್ಮಿಸಿದಾಗ ಇದು ಅದರ ಕೋಟೆಗಳಲ್ಲಿ ಒಂದಾಯಿತು. ಆ ಕಾಡನ್ನು ಕಡಿಯದಂತೆ ರೈತರಿಗೆ ನಿಷೇಧವಿದ್ದಿತು. ಯಾಸ್ನಯ ಪೊಲ್ಯಾನದ ಪಕ್ಕದ ಕಾಡಿಗೆ 'ಜಸೇಕ' ಎಂಬ ಹೆಸರು ಉಳಿದು ಬಂದಿರುವುದು ಇದರಿಂದಲೇ. ಗಡಿಯು ದಕ್ಷಿಣಕ್ಕೆ ಸರಿದ ತರುವಾಯ ಕೋಟೆಯ ಪ್ರಯೋಜನವು ತೀರಿತು. 1777ರಲ್ಲಿ ಊರು ಉಯೆಜ್ದಿನ ಕೇಂದ್ರವಾಯಿತು. ಊರಿನ ಹೆಸರು ತುರಿಕೆಗಿಡವನ್ನು ಸೂಚಿಸುವುದರಿಂದ ಲಾಂಛನದಲ್ಲಿಯೂ ಅದರ ಎಲೆಗಳನ್ನೇ ಇರಿಸಿದರು.

ಈ ಮಾರ್ಪಾಟಿಗೆ ಆಧಾರವಾದುದು ಎರಡನೆಯ ಕ್ಯಾಥರೀನಳು 1775ರಲ್ಲಿ ಹೊರಡಿಸಿದ ಪ್ರಾಂತಾಡಳಿತದ ಶಾಸನ. ಗುಬೆರ್ನಿಯಕ್ಕೆ ಮೂರರಿಂದ ನಾಲ್ಕು ಲಕ್ಷ, ಉಯೆಜ್ದಿಗೆ 20ರಿಂದ 30 ಸಾವಿರ ತೆರಿಗೆಯ ತಲೆಗಳೆಂಬುದು ಅದರ ಅಳತೆಗೋಲು. ನೆಲದ ಲಕ್ಷಣ, ಹಳೆಯ ಸಂಬಂಧಗಳು ಇವಾವುವೂ ಲೆಕ್ಕಕ್ಕೆ ಬರಲಿಲ್ಲ. ಉಯೆಜ್ದಿನ ಪೋಲೀಸು ಮುಖ್ಯಸ್ಥನಾದ ಇಸ್ಪ್ರಾವ್ನಿಕನನ್ನು ಕುಲೀನರೇ ಮೂರು ವರ್ಷಗಳಿಗೊಮ್ಮೆ ಚುನಾಯಿಸುತ್ತಿದ್ದರು. ಪಟ್ಟಣಕ್ಕೆ ಮಾತ್ರ ಸರ್ಕಾರವು ನೇಮಿಸಿದ ಗೊರೊದ್ನಿಚಿ ಇದ್ದನು. (1836ರಲ್ಲಿ ರಂಗವೇರಿದ ಗೊಗೋಲನ 'ಇನ್‌ಸ್ಪೆಕ್ಟರ್ ಜನರಲ್' ನಾಟಕದ ಲಂಚಕೋರನು ಇಂತಹ ಗೊರೊದ್ನಿಚಿಯೇ.) ಇವರೆಲ್ಲರಿಗಿಂತ ಪ್ರಬಲನಾದವನು ಕುಲೀನರ ಮುಖಂಡನಾಗಿದ್ದ ಪ್ರೆದ್ವೊದೀತೆಲ್. ಉಯೆಜ್ದಿನ ಕೆಳಗೆ, ಜೀತದ ಹಳ್ಳಿಗಳಲ್ಲಿ, ರಾಜ್ಯದ ನೌಕರನೆಂಬವನೇ ಇರಲಿಲ್ಲ. ತೆರಿಗೆ ಕೂಡಿಸುವವನು, ಸೈನ್ಯಕ್ಕೆ ಆಳು ಕೊಡುವವನು, ಶಿಕ್ಷಿಸುವವನು ಎಲ್ಲವೂ ಒಡೆಯನೇ. ಆದುದರಿಂದ 1861ರ ಫೆಬ್ರುವರಿ 19ರ ವಿಮೋಚನಾ ಶಾಸನವು ಆಡಳಿತದ ಕೆಳ ಅಂತಸ್ತನ್ನೇ ಒಮ್ಮೆಗೆ ತೆಗೆದುಹಾಕಿದಂತಾಯಿತು.

ಆ ತೆರವನ್ನು ತುಂಬಲು ಏರ್ಪಡಿಸಿದ ವ್ಯವಸ್ಥೆ ಎರಡು ಬಗೆಯದು. ಒಂದು, ರೈತರದೇ ಆದ ಗ್ರಾಮಸಭೆ, ಸ್ತಾರೊಸ್ತ ಎಂಬ ಗ್ರಾಮಮುಖ್ಯ, ವೋಲೊಸ್ತಿನ ಹಿರಿಯ, ಆತನ ಗುಮಾಸ್ತ, ವೋಲೊಸ್ತ್ ನ್ಯಾಯಾಲಯ. ಇನ್ನೊಂದು, ಒಡೆಯರಿಗೂ ರೈತರಿಗೂ ನಡುವೆ 'ಮಿರೊವೊಯ್ ಪೊಸ್ರೆದ್ನಿಕ್' ಎಂಬ ಮಧ್ಯಸ್ಥ. ಯಾವ ರೈತನಿಗೆ ಎಷ್ಟು ನೆಲ, ಅದಕ್ಕೆ ಪ್ರತಿಯಾಗಿ ಎಷ್ಟು ದುಡಿಮೆ ಅಥವಾ ಹಣ ಎಂಬುದನ್ನು ನಮೂದಿಸುವ ಪತ್ರವನ್ನು ಒಡೆಯನು ಬರೆಯಿಸಬೇಕು. ಮಧ್ಯಸ್ಥನು ಅದನ್ನು ರೈತರ ಮುಂದೆ ಪರೀಕ್ಷಿಸಬೇಕು. ಮಧ್ಯಸ್ಥನೂ ಕುಲೀನ ಭೂಮಾಲಿಕನೇ ಆಗಿರತಕ್ಕದ್ದು. ಆದರೆ ಒಮ್ಮೆ ನೇಮಕವಾದ ಮೇಲೆ ಆತನನ್ನು ತೆಗೆಯುವ ಅಧಿಕಾರ ಗವರ್ನರನಿಗಿರದೆ ಸೆನೆಟ್ಟಿಗೆ ಮಾತ್ರ ಇದ್ದಿತು. ಈ ಒಂದು ರಕ್ಷಣೆಯಲ್ಲಿಯೇ ಆ ಹುದ್ದೆಯ ಸತ್ತ್ವವೆಲ್ಲ ಅಡಗಿತ್ತೆಂದು ನಮ್ಮ ಅಭಿಪ್ರಾಯ.

1861ರಲ್ಲಿ ತೂಲದ ಗವರ್ನರ್ ದರಗಾನನು ಕ್ರಪೀವ್ನ ಉಯೆಜ್ದಿನ ನಾಲ್ಕನೆಯ ಭಾಗಕ್ಕೆ ಟಾಲ್‌ಸ್ಟಾಯನನ್ನು ಮಧ್ಯಸ್ಥನಾಗಿ ನೇಮಿಸಿದನು. ಪ್ರಾಂತದ ಕುಲೀನರ ಮುಖಂಡನು ಆಕ್ಷೇಪಿಸಿದರೂ ನೇಮಕವು ನಿಂತಿತು. ಆಗ ಟಾಲ್‌ಸ್ಟಾಯನು ಮಹಾಕಾದಂಬರಿಗಳ ಕರ್ತೃವಲ್ಲ. ಸ್ವಂತ ಗ್ರಾಮದಲ್ಲಿ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದ 32 ವರ್ಷದ ನಿವೃತ್ತ ಸೈನ್ಯಾಧಿಕಾರಿ. ನೆಲದ ಹಂಚಿಕೆ, ಹುಲ್ಲುಗಾವಲಿನ ವ್ಯಾಜ್ಯ, ಮನೆಯಾಳುಗಳ ಬಿಡುಗಡೆ ಮುಂತಾದ ವಿಷಯಗಳಲ್ಲಿ ಆತನ ತೀರ್ಮಾನಗಳು ನೆರೆಯ ಒಡೆಯರನ್ನು ಕೆರಳಿಸಿದವು. ದೂರುಗಳು ಬಂದವು. ಅವನ್ನು ವಿಚಾರಿಸುವ ಉಯೆಜ್ದಿನ ಮಧ್ಯಸ್ಥರ ಸಮ್ಮೇಳನಕ್ಕೆ ಕುಲೀನರ ಮುಖಂಡನೇ ಅಧ್ಯಕ್ಷ. ಆತನ ತೀರ್ಮಾನಗಳು ಅಲ್ಲಿ ಪದೇಪದೇ ರದ್ದಾದವು. ಸೆನೆಟ್ಟಲ್ಲದೆ ಬೇರಾರೂ ಪದಚ್ಯುತಗೊಳಿಸಲಾಗದ ಅಧಿಕಾರಿಯನ್ನು ಅಸಹಾಯಕನನ್ನಾಗಿಸುವುದಕ್ಕೆ ಇಷ್ಟೇ ಸಾಕಾಯಿತು. ಅನಾರೋಗ್ಯದ ಕಾರಣ ಹೇಳಿ ಆತನು 1862ರಲ್ಲಿ ಹುದ್ದೆಯನ್ನು ಬಿಟ್ಟನು. ಅದೇ ವರ್ಷದ ಜುಲೈನಲ್ಲಿ, ಆತನು ಊರಲ್ಲಿಲ್ಲದಾಗ, ಪೋಲೀಸರು ಯಾಸ್ನಯ ಪೊಲ್ಯಾನದ ಮನೆಯನ್ನು ಶೋಧಿಸಿದರು.

ಆದರೆ ಇದನ್ನು ಉದಾರಿಯಾದ ಒಡೆಯನಿಗೂ ಸ್ವಾರ್ಥಿಗಳಾದ ನೆರೆಯವರಿಗೂ ನಡೆದ ಹೋರಾಟವೆಂದಷ್ಟೇ ತಿಳಿಯುವುದು ಸಲ್ಲದು. ರಷ್ಯಾದ ರೈತರು ಅನೇಕ ಕಡೆ ಮಧ್ಯಸ್ಥರನ್ನೂ ನಂಬಲಿಲ್ಲ. ಚಕ್ರವರ್ತಿಯು ಕೊಟ್ಟ ನಿಜವಾದ ವಿಮೋಚನೆ ಬೇರೆ ಇದೆ, ಸಹಿ ಹಾಕಿದರೆ ಅದು ಕೈತಪ್ಪುವುದು ಎಂಬ ಶಂಕೆಯಿಂದ ಪತ್ರಗಳಿಗೆ ಸಹಿ ನಿರಾಕರಿಸುತ್ತಿದ್ದರು. ಆ ಶಂಕೆಯನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಸರ್ಕಾರವು ಒಡೆಯರಿಗೆ ಮುಂಗಡವಾಗಿ ಕೊಟ್ಟ ನೆಲದ ಬೆಲೆಯನ್ನು ರೈತರು ವರ್ಷಕ್ಕೆ ನೂರಕ್ಕೆ 6ರಂತೆ 49 ವರ್ಷ ತೀರಿಸಬೇಕಾಗಿದ್ದಿತು. ಒಬ್ಬನು ಕೊಡದಿದ್ದರೆ ಹಳ್ಳಿಯೆಲ್ಲವೂ ಹೊಣೆ. ಈ ಕಂತುಗಳು ನಿಂತುದು 1907ರಲ್ಲಿ, ಕ್ರಾಂತಿಯೊಂದು ನಡೆದ ಬಳಿಕ.

1864ರ ಶಾಸನದಿಂದ ಜೆಮ್ಸ್ತ್ವೊ ಎಂಬ ಚುನಾಯಿತ ಸಭೆ ಬಂದಿತು. ಶಾಲೆ, ವೈದ್ಯ, ರಸ್ತೆ, ಸೇತುವೆಗಳು ಅದರ ಪಾಲಿನವು. ಭೂಮಾಲಿಕರು, ಪಟ್ಟಣಿಗರು, ಗ್ರಾಮಸಮುದಾಯಗಳು ಬೇರೆಬೇರೆಯಾಗಿ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಅಧ್ಯಕ್ಷಪೀಠವು ಮಾತ್ರ ಮತ್ತೆ ಕುಲೀನರ ಮುಖಂಡನದೇ. 1874ರಲ್ಲಿ ಟಾಲ್‌ಸ್ಟಾಯನೂ ಕ್ರಪೀವ್ನ ಜೆಮ್ಸ್ತ್ವೊಗೆ ಪ್ರತಿನಿಧಿಯಾದನು. ಶಾಲೆಗಳ ವಿಷಯದಲ್ಲಿ ಈ ಸಂಸ್ಥೆಗಳು ಮಾಡಿದ ಕೆಲಸವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವೋಲೊಸ್ತಿನ ಮಟ್ಟದಲ್ಲಿ ಜೆಮ್ಸ್ತ್ವೊ ಇರಲಿಲ್ಲ. ಅಲ್ಲಿ ಉಳಿದುದು ರೈತರ ಪ್ರತ್ಯೇಕ ನ್ಯಾಯಾಲಯ, ರೈತರಿಗೇ ಮೀಸಲಾದ ಬೆತ್ತದ ಏಟು. ವೋಲೊಸ್ತ್ ನ್ಯಾಯಾಲಯವು 20 ಏಟುಗಳವರೆಗೆ ವಿಧಿಸಬಹುದಾಗಿದ್ದಿತು. ಆ ಶಿಕ್ಷೆ 1904ರವರೆಗೆ ಶಾಸನದಲ್ಲಿ ನಿಂತಿತು.

1889ರಲ್ಲಿ ಸರ್ಕಾರವು 'ಜೆಮ್ಸ್ಕಿ ನಚಾಲ್ನಿಕ್' ಎಂಬ ಹೊಸ ಅಧಿಕಾರಿಯನ್ನು ನೇಮಿಸಿತು. ಈತನೂ ಸ್ಥಳೀಯ ಕುಲೀನ. ಆದರೆ ಮಧ್ಯಸ್ಥನಿಗಿದ್ದ ಸ್ವಾತಂತ್ರ್ಯ ಈತನಿಗಿಲ್ಲ, ದಂಡಾಧಿಕಾರವುಂಟು. ಗ್ರಾಮಸಭೆಯ ನಿರ್ಣಯವನ್ನು ತಡೆಯುವುದಕ್ಕೂ, ಗ್ರಾಮಮುಖ್ಯನನ್ನು ವಿಚಾರಣೆಯಿಲ್ಲದೆ ಕೆಲವು ದಿನ ಬಂಧನದಲ್ಲಿಡುವುದಕ್ಕೂ ಆತನಿಗೆ ಅಧಿಕಾರವಿದ್ದಿತು. 1861ರಲ್ಲಿ ಒಡೆಯನ ಕೈಯಿಂದ ಕಿತ್ತುಕೊಂಡುದನ್ನು 28 ವರ್ಷಗಳ ಅನಂತರ ಮೊಹರು ಹಾಕಿ ಅದೇ ವರ್ಗಕ್ಕೆ ಹಿಂದಿರುಗಿಸಿದಂತಾಯಿತು. ಇದಕ್ಕೆ ಆರು ವರ್ಷ ಮುಂಚೆ, 1883ರಲ್ಲಿ, ಕ್ರಪೀವ್ನದ ನ್ಯಾಯಾಲಯಕ್ಕೆ ಜೂರಿಯಾಗಿ ಕರೆಯಲ್ಪಟ್ಟ ಟಾಲ್‌ಸ್ಟಾಯನು ಧಾರ್ಮಿಕ ನಂಬಿಕೆಯ ಕಾರಣದಿಂದ ನಿರಾಕರಿಸಿ ದಂಡ ತೆತ್ತಿದ್ದನು.

ಪಟ್ಟಣದ ಅದೃಷ್ಟವನ್ನು ನಿರ್ಧರಿಸಿದುದು ಈ ಶಾಸನಗಳಲ್ಲ. 1860ರ ದಶಕದಲ್ಲಿ ಹಾಕಿದ ಮಾಸ್ಕೋ–ಕೂರ್ಸ್ಕ್ ರೈಲುದಾರಿ ಕ್ರಪೀವ್ನವನ್ನು ಬದಿಗಿಟ್ಟು ಪೂರ್ವಕ್ಕೆ ಹಾದುಹೋಯಿತು. ವ್ಯಾಪಾರವು ನಿಲ್ದಾಣಗಳ ಕಡೆಗೆ ಸರಿಯಿತು. 1920ರ ದಶಕದ ಸೋವಿಯತ್ ಪುನರ್ವಿಂಗಡಣೆಯಲ್ಲಿ ಉಯೆಜ್ದ್ ರದ್ದಾಯಿತು. ಈಗ ಕ್ರಪೀವ್ನವು ತೂಲ ಪ್ರಾಂತದ ಷ್ಚೋಕಿನೊ ಜಿಲ್ಲೆಗೆ ಸೇರಿದ ಒಂದು ಗ್ರಾಮ. ಉಯೆಜ್ದಿನ ಕಾಲದ ಕಟ್ಟಡಗಳು ಹಲವು ಅಲ್ಲಿ ಇನ್ನೂ ನಿಂತಿವೆ.