ಹಳೆಯ ಕಾರಿನ ಎ.ಸಿ. ತಂಪು ಕೊಡುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಬೇಸಿಗೆ ಬಂತೆಂದರೆ ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರದಿಂದ ಹಿಂದೂಪುರಕ್ಕೆ ಹಗಲಲ್ಲಿ ಕಾರಿನಲ್ಲಿ ಹೋಗುವುದೇ ಕಷ್ಟ. ಕಾರಿನಲ್ಲಿ ಆಸ್ಪತ್ರೆಗೆ ಹೊರಟ ವಯಸ್ಸಾದವರೋ ಬಾಣಂತಿಯೋ ಇದ್ದರಂತೂ ಎ.ಸಿ. ಎನ್ನುವುದು ಶೋಕಿಯಲ್ಲ, ಅಗತ್ಯ. ಮಾರುತಿ 800, ಝೆನ್, ಇಂಡಿಕಾ, ಕ್ವಾಲಿಸ್‌ನಂಥ ಕಾರುಗಳ ತಯಾರಿಕೆ ನಿಂತು ಎಷ್ಟೋ ವರ್ಷಗಳಾದರೂ ಗಡಿ ಭಾಗದ ಹಳ್ಳಿಗಳಲ್ಲಿ ಅವು ಇನ್ನೂ ಓಡುತ್ತಿವೆ. ಇವುಗಳ ಎ.ಸಿ. ಕೆಟ್ಟಾಗ ಗಡಿಯ ಆಚೆಗೂ ಈಚೆಗೂ ಕೇಳಿಬರುವ ಮಾತು ಒಂದೇ: "ಗ್ಯಾಸ್ ಅಯಿಪೋಯಿಂದಿ", ಗ್ಯಾಸ್ ಮುಗಿದಿದೆ.

ಈ ಮಾತನ್ನು ಹಾಗೇ ನಂಬಬೇಡಿ. ಕಾರಿನ ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಹಲವು ವರ್ಷಗಳಲ್ಲಿ ರಬ್ಬರ್ ಪೈಪು, ಸೀಲುಗಳ ಮೂಲಕ ಸ್ವಲ್ಪ ಕಡಿಮೆಯಾಗುವುದು ಸಹಜ. ಆದರೆ ಕಳೆದ ವರ್ಷ ತುಂಬಿಸಿದ್ದು ಈ ವರ್ಷ ಇಲ್ಲವೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಎ.ಸಿ. ಕೆಲಸ ಮಾಡುವ ಬಗೆ

ಎಂಜಿನ್ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ಆಗ ಅದು ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಬಿಸಿ ಹೊರಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಡ್ರೈಯರ್ ಬಾಟಲಿ ಅದರಲ್ಲಿನ ತೇವವನ್ನು ಹೀರುತ್ತದೆ. ನಂತರ ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ರಂಧ್ರದಿಂದ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ಗೆ ನುಗ್ಗಿ, ಮತ್ತೆ ಆವಿಯಾಗುತ್ತಾ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಬ್ಲೋಯರ್ ಆ ತಂಪನ್ನು ನಮ್ಮತ್ತ ಊದುತ್ತದೆ.

ಮನೆಯ ಮುಂದೆಯೇ ಮಾಡಬಹುದಾದ ಪರೀಕ್ಷೆ

ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ. ಬಾನೆಟ್ ತೆಗೆದು ನೋಡುವಾಗ ಪಂಚೆ, ಟವೆಲ್, ಸೆರಗು ಬೆಲ್ಟಿನ ಹತ್ತಿರ ಹೋಗದಿರಲಿ. ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು.

1. ಗಾಳಿ ಬರುತ್ತಿದೆಯೇ? ಗಾಳಿಯೇ ಇಲ್ಲದಿದ್ದರೆ ತೊಂದರೆ ಬ್ಲೋಯರಿನದು, ಗ್ಯಾಸಿನದಲ್ಲ. ಫ್ಯೂಸ್ ನೋಡಿ. ಕೊನೆಯ ಸ್ಪೀಡಿನಲ್ಲಿ ಮಾತ್ರ ಗಾಳಿ ಬಂದರೆ ರೆಸಿಸ್ಟರ್ ಸುಟ್ಟಿರುವುದೇ ಹೆಚ್ಚು. ಶಬ್ದವಿದ್ದೂ ಗಾಳಿ ಕಡಿಮೆಯಾದರೆ ಕೂಲಿಂಗ್ ಕಾಯಿಲ್ ಅಥವಾ ಫಿಲ್ಟರ್ ಧೂಳಿನಿಂದ ಕಟ್ಟಿದೆ.

2. ಕಂಪ್ರೆಸರ್ ತಿರುಗುತ್ತಿದೆಯೇ? ಎ.ಸಿ. ಸ್ವಿಚ್ ಹಾಕಿದಾಗ "ಟಕ್" ಎಂಬ ಶಬ್ದ ಬಂದು ಪುಲ್ಲಿಯ ಮುಂದಿನ ತಟ್ಟೆಯೂ ತಿರುಗಬೇಕು. ಪುಲ್ಲಿ ಮಾತ್ರ ತಿರುಗಿ ತಟ್ಟೆ ನಿಂತಿದ್ದರೆ ಮ್ಯಾಗ್ನೆಟ್ ಕ್ಲಚ್ ಹಿಡಿಯುತ್ತಿಲ್ಲ.

3. ಕಂಡೆನ್ಸರ್ ಫ್ಯಾನ್ ಓಡುತ್ತಿದೆಯೇ? ಓಡುವಾಗ ತಂಪಾಗಿ, ನಿಲ್ಲಿಸಿದಾಗ ಬಿಸಿಗಾಳಿ ಬಂದರೆ ಮೊದಲು ಈ ಫ್ಯಾನನ್ನೇ ಅನುಮಾನಿಸಿ.

4. ಪೈಪುಗಳ ತಾಪ ಹೇಗಿದೆ? ಐದು ನಿಮಿಷದ ನಂತರ ದಪ್ಪ ಪೈಪು ತಣ್ಣಗಿರಬೇಕು, ತೆಳು ಪೈಪು ಬೆಚ್ಚಗಿರಬೇಕು. ಕಂಪ್ರೆಸರಿನಿಂದ ಹೊರಡುವ ಪೈಪು ಕೈ ಸುಡುವಷ್ಟು ಕಾದಿರುತ್ತದೆ, ಅದನ್ನು ಹಿಡಿಯಬೇಡಿ. ಕಂಪ್ರೆಸರ್ ತಿರುಗುತ್ತಿದ್ದರೂ ಎರಡರ ತಾಪ ಒಂದೇ ಆಗಿದ್ದರೆ ಗ್ಯಾಸ್ ತೀರಾ ಕಡಿಮೆ ಇದೆ, ಇಲ್ಲವೇ ಕಂಪ್ರೆಸರ್ ಒತ್ತುತ್ತಿಲ್ಲ.

5. ಎಣ್ಣೆಯ ಜಿಡ್ಡು ಇದೆಯೇ? ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತದೆ. ಪೈಪಿನ ಕೀಲು, ಕಂಡೆನ್ಸರಿನ ಮೂಲೆ, ಕಂಪ್ರೆಸರಿನ ಮೂತಿಯಲ್ಲಿ ಜಿಡ್ಡಿನ ಮೇಲೆ ಧೂಳು ಕಪ್ಪಗೆ ಅಂಟಿದ್ದರೆ ಅಲ್ಲೇ ಸೋರಿಕೆ ಇರಬಹುದು. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ.

ಎ.ಸಿ. ಹಾಕಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಹೆದರಬೇಡಿ, ಅದು ಗಾಳಿಯಲ್ಲಿನ ತೇವ. ಆ ನೀರು ಹೊರಗೆ ಹೋಗದೆ ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಡ್ರೈನ್ ಪೈಪು ಕಟ್ಟಿದೆ.

ಕ್ಲಚ್ ಹಿಡಿಯದಿದ್ದರೆ

ಫ್ಯೂಸ್, ರಿಲೇ, ವೈರು, ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್, ಕ್ಲಚ್ ಕಾಯಿಲ್ ಇವುಗಳನ್ನು ಇದೇ ಕ್ರಮದಲ್ಲಿ ನೋಡಬೇಕು. ಕಡಲೆಕಾಯಿ ಮೂಟೆ ಇಟ್ಟ ಮನೆಯ ಹತ್ತಿರ ಕಾರು ನಿಲ್ಲಿಸುವವರು ವೈರುಗಳನ್ನು ಇಲಿ ಕಡಿದಿದೆಯೇ ಎಂದು ಮೊದಲೇ ನೋಡುವುದು ಒಳ್ಳೆಯದು. ಹಳೆಯ ಕ್ಲಚ್‌ಗಳಲ್ಲಿ ತಟ್ಟೆ ಸವೆದು ಅಂತರ ಹೆಚ್ಚಾಗಿರುತ್ತದೆ. ತಣ್ಣಗಿದ್ದಾಗ ಹಿಡಿದು, ಎಂಜಿನ್ ಕಾದ ಮೇಲೆ ಬಿಡುವುದು ಇದರ ಲಕ್ಷಣ. ವಾಷರ್ ತೆಗೆದು ಅಂತರ ಸರಿಮಾಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ, ಹೊಸ ಕಂಪ್ರೆಸರ್ ಬೇಕಿಲ್ಲ.

ಗ್ಯಾಸ್ ಕಡಿಮೆಯಾದಾಗ ಪ್ರೆಶರ್ ಸ್ವಿಚ್ ಕ್ಲಚ್ಚನ್ನು ತಾನಾಗಿ ನಿಲ್ಲಿಸುತ್ತದೆ. ಕೆಲವರು ಈ ಸ್ವಿಚ್ಚಿನ ಎರಡು ವೈರು ಜೋಡಿಸಿ ಕಂಪ್ರೆಸರ್ ಓಡಿಸುತ್ತಾರೆ. ಇದನ್ನು ಎಂದಿಗೂ ಮಾಡಿಸಬೇಡಿ. ಗ್ಯಾಸಿಲ್ಲದಿದ್ದರೆ ಎಣ್ಣೆಯೂ ತಿರುಗುವುದಿಲ್ಲ. ಕಂಪ್ರೆಸರ್ ಒಣಗಿ ಜಾಮ್ ಆಗಿ, ಅದರ ಲೋಹದ ಪುಡಿ ಕಂಡೆನ್ಸರ್, ವಾಲ್ವುಗಳಿಗೂ ಸೇರುತ್ತದೆ. ಸಣ್ಣ ಓ-ರಿಂಗಿನಲ್ಲಿ ಮುಗಿಯಬೇಕಾದ ಖರ್ಚು ಇಡೀ ಎ.ಸಿ. ಬದಲಿಸುವ ಮಟ್ಟಕ್ಕೆ ಹೋಗುವುದು ಹೀಗೆ.

ಕಂಪ್ರೆಸರ್ ಓಡುತ್ತಿದ್ದೂ ತಂಪಿಲ್ಲದಿದ್ದರೆ

* ರಾತ್ರಿ ತಂಪು, ಮಧ್ಯಾಹ್ನ ಇಲ್ಲ: ಕಂಡೆನ್ಸರ್ ಕಟ್ಟಿದೆ ಅಥವಾ ಗ್ಯಾಸ್ ಹೆಚ್ಚಾಗಿದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ ವೇದಾವತಿ ಹಗರಿಯ ಮರಳು ಗಾಳಿಗೆ ಹಾರುತ್ತದೆ. ಹೊಲದ ದಾರಿಯ ಧೂಳು, ಹೊಟ್ಟು ಕೂಡ ಸೇರಿ ಕಂಡೆನ್ಸರ್ ಮುಚ್ಚಿಹೋಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಸಾಧಾರಣ ಪೈಪಿನ ನೀರಿನಿಂದ ತೊಳೆಯಿರಿ. ಜೋರು ಒತ್ತಡದ ನೀರು ಹೊಡೆದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.
* ಅರ್ಧ ಗಂಟೆ ತಂಪು, ಆಮೇಲೆ ಗಾಳಿಯೇ ನಿಲ್ಲುತ್ತದೆ: ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದೆ. ಥರ್ಮೋಸ್ಟಾಟ್ ನೋಡಿಸಿ.
* ಪೈಪು ತಣ್ಣಗಿದೆ, ಗಾಳಿ ಬೆಚ್ಚಗಿದೆ: ಹೀಟರಿನ ವಾಲ್ವ್ ಅಥವಾ ಬಾಗಿಲಿನ ಕೇಬಲ್ ಜಾರಿದೆ. ಇದಕ್ಕೆ ಗ್ಯಾಸಿನ ಕೆಲಸವೇ ಬೇಡ.

ನಿಮ್ಮ ಕಾರಿಗೆ ಯಾವ ಗ್ಯಾಸ್?

ತೊಂಬತ್ತರ ದಶಕದ ಕಾರುಗಳಲ್ಲಿ ಆರ್-12 ಇರುತ್ತಿತ್ತು. ಅದು ಓಜೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತದಂಥ ದೇಶಗಳು 2010ರ ಜನವರಿ 1ರೊಳಗೆ ಅದನ್ನು ಕೈಬಿಡಬೇಕಾಯಿತು. ನಂತರದ ಕಾರುಗಳಿಗೆ ಬಂದದ್ದು ಆರ್-134ಎ. ಬಾನೆಟ್ ಕೆಳಗಿನ ಚೀಟಿಯಲ್ಲಿ ಗ್ಯಾಸಿನ ಹೆಸರೂ ತೂಕವೂ ಇರುತ್ತವೆ. ಆರ್-12ರ ಬಾಯಿಗಳಿಗೆ ತಿರುಪು ಇರುತ್ತದೆ, ಆರ್-134ಎ ಬಾಯಿಗಳು ಒತ್ತಿ ಕೂರಿಸುವಂಥವು. ಹಳೆಯ ಕಾರಿಗೆ ಹೊಸ ಗ್ಯಾಸ್ ಹಾಕುವುದಾದರೆ ಎಣ್ಣೆ, ಡ್ರೈಯರ್, ಓ-ರಿಂಗ್‌ಗಳನ್ನೂ ಬದಲಿಸಬೇಕು. ಎರಡು ಗ್ಯಾಸ್ ಬೆರೆಸಬಾರದು.

ಅಗ್ಗವೆಂದು ಅಡುಗೆ ಗ್ಯಾಸ್ ತುಂಬಿಸಿಕೊಳ್ಳುವುದು ಪ್ರಾಣಕ್ಕೆ ಅಪಾಯ. ಕೂಲಿಂಗ್ ಕಾಯಿಲ್ ಸೋರಿದರೆ ಅದು ನೇರವಾಗಿ ಜನ ಕೂತಿರುವ ಜಾಗಕ್ಕೇ ಬರುತ್ತದೆ, ಒಂದು ಕಿಡಿ ಸಾಕು. ಸೋರಿಕೆ ನೋಡಲು ನೈಟ್ರೋಜನ್ ಬಳಸಬೇಕೇ ಹೊರತು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅಲ್ಲ. ಎಣ್ಣೆಗೆ ಆಕ್ಸಿಜನ್ ಸೇರಿದರೆ ಸ್ಫೋಟವಾಗಬಹುದು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ಬಳ್ಳಾರಿ, ಚಳ್ಳಕೆರೆ, ಹಿಂದೂಪುರ, ಶಿರಾ ಎಲ್ಲಿಗೆ ಹೋದರೂ ಎರಡು ಮೀಟರ್ ಹಾಕಿ ತೋರಿಸಲು ಹೇಳಿ. ಆರ್-134ಎ ಇರುವ ಕಾರಿನಲ್ಲಿ, ಹೊರಗೆ 35 ಡಿಗ್ರಿ ಬಿಸಿಲಿದ್ದು ಎಂಜಿನ್ 1500 ಸುತ್ತಿನಲ್ಲಿದ್ದಾಗ ನೀಲಿ ಮೀಟರ್ ಸುಮಾರು 30ರಿಂದ 50, ಕೆಂಪು ಮೀಟರ್ 200ರಿಂದ 275 ಪಿ.ಎಸ್.ಐ. ತೋರಿಸಬೇಕು.

* ಎರಡೂ ಕಡಿಮೆ: ಗ್ಯಾಸ್ ಕಡಿಮೆ, ಸೋರಿಕೆ ಹುಡುಕಬೇಕು.
* ಎರಡೂ ಹೆಚ್ಚು: ಗ್ಯಾಸ್ ಹೆಚ್ಚಾಗಿದೆ ಅಥವಾ ಕಂಡೆನ್ಸರಿಗೆ ಗಾಳಿ ಸಾಲದು.
* ನೀಲಿ ಹೆಚ್ಚು, ಕೆಂಪು ಕಡಿಮೆ: ಕಂಪ್ರೆಸರ್ ಸೋತಿದೆ.
* ನೀಲಿ ಸೊನ್ನೆಗಿಂತ ಕೆಳಗೆ: ವಾಲ್ವ್ ಕಟ್ಟಿದೆ, ಅಥವಾ ತೇವ ಸೇರಿ ಮಂಜಾಗಿದೆ.

ಪೈಪು ಬಿಚ್ಚಿದ ಮೇಲೆ ಡ್ರೈಯರ್ ಬದಲಿಸಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹೊಡೆದು, ಪಂಪ್ ನಿಲ್ಲಿಸಿ ಮುಳ್ಳು ಏರುತ್ತದೆಯೇ ನೋಡಬೇಕು. ಏರಿದರೆ ಸೋರಿಕೆ ಇನ್ನೂ ಇದೆ. ಸಮುದ್ರ ಮಟ್ಟದಲ್ಲಿ ಮುಳ್ಳು 29 ಇಂಚು ದಾಟುತ್ತದೆ. ಎತ್ತರ ಸಾವಿರ ಅಡಿ ಹೆಚ್ಚಾದಂತೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ನಮ್ಮ ಸೀಮೆ ಸುಮಾರು ಎರಡು ಸಾವಿರ ಅಡಿ ಎತ್ತರದಲ್ಲಿರುವುದರಿಂದ 27-28 ಇಂಚು ಬಂದರೆ ಪಂಪ್ ಸರಿಯಾಗಿದೆ ಎಂದು ತಿಳಿಯಿರಿ. ಗ್ಯಾಸನ್ನು ಅಂದಾಜಿನಲ್ಲಿ ಅಲ್ಲ, ತೂಕ ಹಾಕಿ ತುಂಬಿಸಿ. ಚೀಟಿಗಿಂತ ಹೆಚ್ಚು ತುಂಬಿದರೆ ತಂಪು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ರಿಪೇರಿ ಯಾವಾಗ ಬೇಡ?

ಓ-ರಿಂಗ್, ರಿಲೇ, ಫ್ಯಾನ್, ಕ್ಲಚ್ ಇಷ್ಟರಲ್ಲಿ ಮುಗಿಯುವುದಾದರೆ ಖಂಡಿತ ಮಾಡಿಸಿ. ಕಂಪ್ರೆಸರ್ ಜಾಮ್ ಆಗಿ ಲೋಹದ ಪುಡಿ ಹರಡಿದ್ದರೆ ಕಂಪ್ರೆಸರ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ. ಪೈಪುಗಳನ್ನು ತೊಳೆದು ಕಂಡೆನ್ಸರ್, ಡ್ರೈಯರ್, ವಾಲ್ವನ್ನೂ ಬದಲಿಸದಿದ್ದರೆ ಹೊಸದೂ ಬೇಗ ಕೆಡುತ್ತದೆ. ಆ ಖರ್ಚನ್ನು ಕಾರಿನ ಇಂದಿನ ಬೆಲೆಯೊಂದಿಗೆ ತೂಗಿ ನೋಡಿ ತೀರ್ಮಾನಿಸಿ.

ಸರಿಯಾದ ಎ.ಸಿ.ಯನ್ನು ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಎಣ್ಣೆ ತಿರುಗಿ ಸೀಲುಗಳು ಒಣಗದೆ ಉಳಿಯುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಗಾಜುಗಳನ್ನು ಇಳಿಸಿ ಬಿಸಿಗಾಳಿ ಹೊರಗೆ ಬಿಟ್ಟ ನಂತರವೇ ಎ.ಸಿ. ಹಾಕಿ. ಎ.ಸಿ. ಚೆನ್ನಾಗಿದೆ ಎಂದು ಮಕ್ಕಳನ್ನು ಕಾರಿನಲ್ಲೇ ಬಿಟ್ಟು ಅಂಗಡಿಗೆ ಹೋಗಬೇಡಿ. ಎಂಜಿನ್ ನಿಂತರೆ ಕೆಲವೇ ನಿಮಿಷಗಳಲ್ಲಿ ಕಾರಿನ ಒಳಗೆ ಕುಲುಮೆಯಂತಾಗುತ್ತದೆ.